ಲಿಸ್ಟಿನಲ್ಲಿ ಹೆಸರು ಬರೆದ ಮೇಲೆ

ಜರ್ಮನಿಯಿಂದ ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. "ಆಕ್ಟೋಬರ್‌ಫೆಸ್ಟ್‌ಗೆ ಹೋಗಿದ್ಯಾ?" ಚಿಕ್ಕಪ್ಪ ಕೇಳುತ್ತಾರೆ, ಹಳೇ ಆಫೀಸಿನವರು ಕೇಳುತ್ತಾರೆ, ಏರ್‌ಪೋರ್ಟಿಗೆ ಬಿಡಲು ಬಂದ ಟ್ಯಾಕ್ಸಿಯವರೂ ಕೇಳುತ್ತಾರೆ. ಹೋಗಿದ್ದೇನೆ. ಅದು ಮ್ಯೂನಿಕ್‌ನ ದೊಡ್ಡ ಬಿಯರ್ ಜಾತ್ರೆ. ಸೆಪ್ಟೆಂಬರ್ ನಡುವಿನ ಒಂದು ಶನಿವಾರ, ಮಧ್ಯಾಹ್ನ 12ಕ್ಕೆ ಸರಿಯಾಗಿ ಮೇಯರ್ ಬಂದು ಬಿಯರ್ ಪೀಪಾಯಿಗೆ ನಲ್ಲಿ ಬಡಿದು ಶುರು ಮಾಡುತ್ತಾರೆ. 1810ರ ಅಕ್ಟೋಬರ್‌ನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್‌ಗೂ ರಾಜಕುಮಾರಿ ತೆರೇಸೆಗೂ ಮದುವೆಯಾಯಿತು. ಆ ಖುಷಿಗೆ ಊರಾಚೆಯ ಬಯಲಿನಲ್ಲಿ ಕುದುರೆ ರೇಸ್ ಇಟ್ಟರು. ಮದುವೆ ಮುಗಿಯಿತು, ಹಬ್ಬ ಉಳಿಯಿತು. ಆ ಬಯಲಿಗೆ ಈಗಲೂ ಮದುಮಗಳ ಹೆಸರೇ.

ಚೆನ್ನಾಗಿಲ್ಲ ಅಂತ ಹೇಳಲಾರೆ. ಒಂದೊಂದು ಲೀಟರ್ ಹಿಡಿಯುವ ಗಾಜಿನ ಮಗ್ಗುಗಳನ್ನು ಎರಡೂ ಕೈಯಲ್ಲಿ ಗೊಂಚಲಾಗಿ ಎತ್ತಿಕೊಂಡು ಜನರ ನಡುವೆ ನುಗ್ಗಿ ಬರುವ ಹೆಂಗಸರನ್ನು ನೋಡುವುದಕ್ಕಾದರೂ ಒಮ್ಮೆ ಹೋಗಬೇಕು. ಆದರೆ ಅಲ್ಲಿ ನಾನು ಗಿರಾಕಿ. ದುಡ್ಡು ಕೊಟ್ಟೆ, ಬೆಂಚಿನ ಮೇಲೆ ನಿಂತೆ, ಪಕ್ಕದ ಆಸ್ಟ್ರೇಲಿಯಾದವರ ಜೊತೆ ಅರ್ಥವಾಗದ ಹಾಡಿಗೆ ಬಾಯಿ ಆಡಿಸಿದೆ, ರೈಲು ಹತ್ತಿ ವಾಪಸ್ ಬಂದೆ. ಅಷ್ಟರಿಂದ ಜರ್ಮನಿಯವರ ಬಗ್ಗೆ ನನಗೆ ಏನೂ ತಿಳಿಯಲಿಲ್ಲ.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರ, ನೆಕ್ಕಾರ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಈ ಸೀಮೆಯವರನ್ನು ಶ್ವಾಬಿಯನ್ನರು ಅನ್ನುತ್ತಾರೆ. ಮಿಕ್ಕ ಜರ್ಮನ್ನರು ಇವರನ್ನು ಜಿಪುಣರು, ಕೆಲಸಗೇಡಿಗಳ ವೈರಿಗಳು, ಮಾತು ಕಡಿಮೆ ಅಂತ ಗೇಲಿ ಮಾಡುತ್ತಾರೆ. ಇವರಿಗೂ ಒಂದು ದೊಡ್ಡ ಜಾತ್ರೆ ಇದೆ, ಕಾನ್‌ಷ್ಟಾಟ್ ಬಡಾವಣೆಯ ವಾಸನ್ ಬಯಲಿನಲ್ಲಿ. ಹೊರಗಿನಿಂದ ನೋಡಿದರೆ ಮ್ಯೂನಿಕ್‌ನದರ ತಮ್ಮ. ಅದೇ ಟೆಂಟು, ಅದೇ ಬಿಯರು, ಅದೇ ತೊಟ್ಟಿಲು. ಆದರೆ ಬಯಲಿನ ನಡುವೆ ಹಣ್ಣು, ಧಾನ್ಯಗಳ ಅಲಂಕಾರ ಹೊತ್ತ 26 ಮೀಟರ್ ಎತ್ತರದ ಒಂದು ಕಂಬ ನಿಂತಿರುತ್ತದೆ. ಬಹಳ ಜನ ಅದರ ಬುಡದಲ್ಲಿ ಸ್ನೇಹಿತರಿಗೆ ಕಾಯುತ್ತಾರೆ, ಅಷ್ಟೆ. ನನಗೆ ಮಾತ್ರ ಆ ಕಂಬದ ಕಥೆ ಗೊತ್ತಾದ ಮೇಲೆ ಇಡೀ ಜಾತ್ರೆಯೇ ಬೇರೆಯಾಗಿ ಕಾಣತೊಡಗಿತು.

ಕಥೆ ಶುರುವಾಗುವುದು ಜರ್ಮನಿಯಲ್ಲಲ್ಲ, ಇಂಡೋನೇಷ್ಯಾದಲ್ಲಿ. 1815ರ ಏಪ್ರಿಲ್‌ನಲ್ಲಿ ತಂಬೋರಾ ಅನ್ನುವ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು, ಗಂಧಕದ ಅನಿಲ ಮೇಲಕ್ಕೆ ಹೋಗಿ ಭೂಮಿಯ ಸುತ್ತ ಹರಡಿ ಬಿಸಿಲನ್ನೇ ತಡೆಯಿತು. ಮರುವರ್ಷ, ಅಂದರೆ 1816ರಲ್ಲಿ, ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಆಲಿಕಲ್ಲು. ಈ ಸೀಮೆ ಸೇರಿದ್ದ ಆಗಿನ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಪೈರು ಹೊಲದಲ್ಲೇ ಕೊಳೆಯಿತು. ಜನ ಹಿಟ್ಟಿಗೆ ಹುಲ್ಲು, ಮರದ ಪುಡಿ ಬೆರೆಸಿ ರೊಟ್ಟಿ ಸುಟ್ಟರು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರಷ್ಯಾ, ಅಮೆರಿಕಾ ಕಡೆ ಹೊರಟರು. ಅದೇ ವರ್ಷದ ಕೊನೆಗೆ ಪಟ್ಟಕ್ಕೆ ಬಂದವನು ಮೊದಲನೇ ವಿಲ್ಹೆಲ್ಮ್. ಅವನ ರಾಣಿ ಕಥರೀನಾ ರಷ್ಯಾದ ಚಕ್ರವರ್ತಿಯ ತಂಗಿ. ಇಬ್ಬರೂ ಸೇರಿ ಹಸಿದವರಿಗೆ ಏರ್ಪಾಟು ಮಾಡಿದರು, ಬಡವರ ಉಳಿತಾಯಕ್ಕೆ ಬ್ಯಾಂಕ್ ತೆರೆದರು, ಹೋಹೆನ್‌ಹೈಮ್‌ನಲ್ಲಿ ಕೃಷಿ ಶಾಲೆ ಕಟ್ಟಿಸಿದರು. ಆ ಶಾಲೆ ಇವತ್ತು ಯೂನಿವರ್ಸಿಟಿ. ಒಳ್ಳೆಯ ಬೆಳೆ ಮತ್ತೆ ಕಂಡ ಮೇಲೆ, 1818ರ ಸೆಪ್ಟೆಂಬರ್ 28ರಂದು, ರಾಜನ ಹುಟ್ಟುಹಬ್ಬದ ಮಾರನೇ ದಿನ, ರೈತರಿಗಾಗಿ ಒಂದು ಜಾತ್ರೆ ಮಾಡಿದರು. ಒಳ್ಳೆಯ ದನ, ಒಳ್ಳೆಯ ಕುದುರೆಗೆ ಬಹುಮಾನ. ನಡುವೆ ಸುಗ್ಗಿಯ ಕಂಬ.

ಅಂದರೆ ಮ್ಯೂನಿಕ್‌ನದು ಮದುವೆ ಊಟದಿಂದ ಹುಟ್ಟಿದ ಹಬ್ಬ, ನಮ್ಮೂರಿನದು ಹೊಟ್ಟೆ ಹಸಿವಿನಿಂದ. ನಮ್ಮೂರು ಅಂದೆನಾ? ಅಂದೆ. ಇಷ್ಟು ವರ್ಷ ತೆರಿಗೆ ಕಟ್ಟಿದ ಮೇಲೆ ಅಷ್ಟು ಹಕ್ಕಿದೆ ಬಿಡಿ.

ಆದರೆ ಕಥೆ ಗೊತ್ತಾದ ಮಾತ್ರಕ್ಕೆ ಹಬ್ಬ ನಮ್ಮದಾಗುವುದಿಲ್ಲ. ಅದು ಶುರುವಾದದ್ದು ಮಗಳ ಕಿಂಡರ್‌ಗಾರ್ಟನ್ ಬಾಗಿಲಿನಲ್ಲಿ, ಅಂಟಿಸಿದ್ದ ಒಂದು ಕಾಗದದಿಂದ. ಬೇಸಿಗೆ ಹಬ್ಬಕ್ಕೆ ಮೂರು ವಾರ ಇರುವಾಗಲೇ ಲಿಸ್ಟ್ ಬಂದಿತ್ತು. ಕೇಕ್: ಹನ್ನೆರಡು ಗೆರೆ. ಆಲೂಗಡ್ಡೆ ಸಲಾಡ್: ಆರು ಗೆರೆ. ಬೆಂಚು ಜೋಡಿಸಲು ನಾಲ್ಕು ಜನ, ಗ್ರಿಲ್ ಹತ್ತಿರ ಇಬ್ಬರು, ಕೊನೆಗೆ ಕಸ ಸಾಗಿಸಲು ಒಬ್ಬರು. ಪ್ರತಿ ಗೆರೆಯ ಪಕ್ಕ ಹೆಸರು ಬರೆಯಲು ಜಾಗ, ಗಂಟೆ, ನಿಮಿಷ. ದಾರಕ್ಕೆ ಕಟ್ಟಿ ನೇತುಹಾಕಿದ ಪೆನ್ನು. ನಾನು ನೋಡುವ ಹೊತ್ತಿಗೆ ಕೇಕ್ ಗೆರೆಗಳೆಲ್ಲ ತುಂಬಿದ್ದವು. ಉಳಿದದ್ದು "ಪಾತ್ರೆ ತೊಳೆಯುವುದು, 16.00–17.30". ಬರೆದೆ.

ಇಲ್ಲಿನ ಊರ ಹಬ್ಬಗಳಲ್ಲಿ ಪ್ಲಾಸ್ಟಿಕ್ ತಟ್ಟೆ ಕೊಟ್ಟರೆ ಜನ ಮುಖ ಸಿಂಡರಿಸುತ್ತಾರೆ. ಪಿಂಗಾಣಿ ತಟ್ಟೆ, ಗಾಜಿನ ಲೋಟ, ಸ್ಟೀಲ್ ಫೋರ್ಕ್ ಎಲ್ಲ ಬಾಡಿಗೆಗೆ ಬರುತ್ತವೆ. ಜೊತೆಗೆ ತೊಳೆಯುವ ಮೆಷಿನ್ ಕೂಡಿಸಿದ ಒಂದು ಪುಟ್ಟ ಗಾಡಿ. ಒಂದು ಕಡೆಯಿಂದ ಎಂಜಲು ತಟ್ಟೆ ಬರುತ್ತದೆ. ಒಬ್ಬರು ಕೆರೆದು ಟ್ರೇಗೆ ಜೋಡಿಸಬೇಕು. ಮುಚ್ಚಳ ಎಳೆದರೆ ಎರಡು ಮೂರು ನಿಮಿಷ ಗೊರ್ ಅನ್ನುತ್ತದೆ. ಮುಚ್ಚಳ ಎತ್ತಿದರೆ ಹಬೆ ಮುಖಕ್ಕೇ ಹೊಡೆಯುತ್ತದೆ. ಕನ್ನಡಕ ಮಂಜಾಗಿ ಏನೂ ಕಾಣುವುದಿಲ್ಲ. ಬೆರಳು ಸುಡುವ ತಟ್ಟೆಗಳನ್ನು ಇನ್ನೊಬ್ಬರು ಒರೆಸಿ ಇಡಬೇಕು. ನನ್ನ ಜೊತೆ ಒರೆಸಲು ನಿಂತವರು ನಮ್ಮ ಬೀದಿಯವರೇ. ದಿನಾ ನಾಯಿ ಹಿಡಿದು ಹೋಗುವಾಗ ತಲೆಯಾಡಿಸುತ್ತಿದ್ದರು, ಅದಕ್ಕಿಂತ ಜಾಸ್ತಿ ಪರಿಚಯ ಇರಲಿಲ್ಲ. ಮೊದಲ ಅರ್ಧ ಗಂಟೆ ಇಬ್ಬರೂ ತಟ್ಟೆಯ ಬಗ್ಗೆ ಮಾತ್ರ ಮಾತಾಡಿದೆವು. ಆಮೇಲೆ ಅವರು ಸುಮ್ನೆ ಕೇಳಿದರು, "ನಿಮ್ಮ ದೇಶದಲ್ಲಿ ಹಬ್ಬಗಳು ತುಂಬಾ ಜೋರಂತೆ. ಅಲ್ಲಿ ಪಾತ್ರೆ ಯಾರು ತೊಳೀತಾರೆ?"

ನಾವು ಬಾಳೆ ಎಲೆಯಲ್ಲಿ ಊಟ ಮಾಡುತ್ತೇವೆ ಅಂತ ಜಾಣತನದ ಉತ್ತರ ಕೊಟ್ಟೆ. ಅವರಿಗೆ ಬಹಳ ಇಷ್ಟವಾಯಿತು. ಆದರೆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಲೆ ಸರಿ, ಆ ಎಲೆ ಎತ್ತುವವರು ಯಾರು? ಗೌರಿ ಹಬ್ಬಕ್ಕೆ ನಮ್ಮ ಮನೆ ಹಿತ್ತಲಲ್ಲಿ ಕೂತು ಕೊಳಗ, ಬಾಣಲೆ ತಿಕ್ಕುತ್ತಿದ್ದವರು ಅಮ್ಮ, ಅತ್ತೆ, ಮತ್ತೆ ಹಬ್ಬಕ್ಕೆಂದೇ ಕರೆಸಿಕೊಂಡ ಒಬ್ಬ ಹೆಂಗಸು. ಗಂಡಸರು ಆ ಹೊತ್ತಿಗೆ ಜಗುಲಿ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ದೇವಸ್ಥಾನದ ಅನ್ನಸಂತರ್ಪಣೆಯ ಹಂಡೆಗಳನ್ನು ತೊಳೆಯುತ್ತಿದ್ದವರ ಹೆಸರು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ಇಲ್ಲಿ ನನ್ನ ಪಕ್ಕ ನಿಂತು ತಟ್ಟೆ ಒರೆಸುತ್ತಿದ್ದವರು ಒಂದು ಕಂಪನಿಯ ದೊಡ್ಡ ಮ್ಯಾನೇಜರು. ಇದು ಆಮೇಲೆ ಬೇರೆಯವರಿಂದ ಗೊತ್ತಾಯಿತು, ಅವರಾಗಿ ಹೇಳಲಿಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ನಾವಿಬ್ಬರೂ ಏಕವಚನಕ್ಕೆ ಬಂದಿದ್ದೆವು.

ಇಲ್ಲಿಯ ಹಬ್ಬದ ಬೇರು ಇರುವುದೇ ಇಂಥ ಲಿಸ್ಟುಗಳಲ್ಲಿ, ಅವುಗಳ ಹಿಂದಿರುವ ಸಂಘಗಳಲ್ಲಿ. ಏಳು ಜನ ಸೇರಿ ನಿಯಮ ಬರೆದು ಕೋರ್ಟಿನಲ್ಲಿ ನೋಂದಾಯಿಸಿದರೆ ಸಂಘ ರೆಡಿ. ದೇಶದಲ್ಲಿ ಅಂಥವು 6 ಲಕ್ಷಕ್ಕೂ ಹೆಚ್ಚು. ಹಾಡುವವರ ಸಂಘ, ಮೊಲ ಸಾಕುವವರ ಸಂಘ, ಹಣ್ಣಿನ ಗಿಡ ನೋಡಿಕೊಳ್ಳುವವರ ಸಂಘ. ನಮ್ಮೂರಿನ ಬೆಂಕಿ ಆರಿಸುವವರೂ ಸಂಬಳದವರಲ್ಲ. ಹಗಲು ಬಡಗಿ, ಟೀಚರ್, ಇಂಜಿನಿಯರ್. ಪೇಜರ್ ಕೂಗಿದರೆ ಓಡುವವರು. ಜುಲೈ ತಿಂಗಳ ಬೀದಿ ಹಬ್ಬದಲ್ಲಿ ಸಾಸೇಜ್ ಸುಡುವ ಅಂಗಡಿ ಅವರದ್ದೇ, ಬಿಯರ್ ಅಂಗಡಿ ಬ್ಯಾಂಡಿನವರದ್ದು, ಕಾಫಿ–ಕೇಕ್ ಚರ್ಚಿನ ಹೆಂಗಸರದ್ದು. ಬಂದ ದುಡ್ಡಲ್ಲಿ ಬ್ಯಾಂಡಿಗೆ ಹೊಸ ಕಹಳೆ, ಫುಟ್‌ಬಾಲ್ ಮಕ್ಕಳಿಗೆ ಜೆರ್ಸಿ. ಕುಡಿಯುವುದೂ ಒಂದು ಸೇವೆ ಅಂತ ಇಲ್ಲಿ ತಮಾಷೆ ಮಾಡುತ್ತಾರೆ. ಲೆಕ್ಕ ನೋಡಿದರೆ ಸುಳ್ಳೇನಲ್ಲ.

ಎಲ್ಲ ಹೊಗಳುತ್ತಾ ಕೂರುವವರ ಪೈಕಿ ನಾನಲ್ಲ. ಲಿಸ್ಟಿನಲ್ಲಿ ಹೆಸರು ಬರೆಯುವವರೆಗೂ ಇಲ್ಲಿ ಯಾರೂ "ಬನ್ನಿ ಊಟಕ್ಕೆ" ಅಂತ ಕರೆಯುವುದಿಲ್ಲ. ಹತ್ತು ವರ್ಷ ಇದ್ದೂ ಒಂದೂ ಹಬ್ಬದ ಮನೆ ಒಳಗೆ ಕಾಲಿಡದ ಭಾರತೀಯರು ನನಗೆ ಗೊತ್ತು. ತಪ್ಪು ಅವರದ್ದಲ್ಲ. ಭಾಷೆ ಬರಬೇಕು, ಮಕ್ಕಳೋ ನಾಯಿಯೋ ಏನಾದರೊಂದು ನೆಪ ಇರಬೇಕು. ಇನ್ನು ರಾತ್ರಿ ಹತ್ತಾದರೆ ಸಂಗೀತ ನಿಲ್ಲುತ್ತದೆ. ಯಾರೂ ಹೇಳದೆ ಕೇಳದೆ ಬಂದು ಬಾಗಿಲು ತಟ್ಟುವುದಿಲ್ಲ. ದೀಪಾವಳಿಯಲ್ಲಿ ಒಂದು ಮನೆಗೆ ಅಂತ ಹೊರಟು ನಾಲ್ಕು ಮನೆ ಸುತ್ತಿ ನಡುರಾತ್ರಿ ಬರುತ್ತಿದ್ದೆವಲ್ಲ, ಆ ಬೇಕಾಬಿಟ್ಟಿತನ ಇಲ್ಲಿ ಸಿಗುವುದಿಲ್ಲ. ಅದು ನನಗೆ ಈಗಲೂ ಬೇಕು ಅನಿಸುತ್ತದೆ.

ದೀಪಾವಳಿ ಅಂದಾಗ ನೆನಪಾಯಿತು. ಇಲ್ಲಿ ಪಟಾಕಿ ಮಾರುವುದು ವರ್ಷದ ಕೊನೆಯ ಮೂರು ಮಾರಾಟದ ದಿನ ಮಾತ್ರ, ಹಚ್ಚುವುದು ಡಿಸೆಂಬರ್ 31 ಮತ್ತು ಜನವರಿ 1ಕ್ಕೆ ಮಾತ್ರ. ವರ್ಷವಿಡೀ ಹದಿನೈದು ನಿಮಿಷದ ಸದ್ದಿಗೂ ಪೊಲೀಸರಿಗೆ ಫೋನ್ ಮಾಡುವವರು ಆ ರಾತ್ರಿ ಬಾಟಲಿಗೆ ರಾಕೆಟ್ ಸಿಕ್ಕಿಸಿ ಬೀದಿಗೆ ಬೀದಿಯನ್ನೇ ಹೊಗೆ ಮಾಡುತ್ತಾರೆ. ನಮ್ಮ ದೀಪಾವಳಿಗೆ ಉಳಿಯುವುದು ಸುರುಸುರು ಬತ್ತಿ. ಅದಕ್ಕೆ ವರ್ಷವಿಡೀ ಅನುಮತಿ ಇದೆ, ಸೂಪರ್‌ಮಾರ್ಕೆಟ್ಟಿನಲ್ಲಿ ಹುಟ್ಟುಹಬ್ಬದ ಮೇಣದ ಬತ್ತಿಯ ಪಕ್ಕ ಸಿಗುತ್ತದೆ. ಇಲ್ಲಿನ ಕನ್ನಡದ ಮನೆಗಳಲ್ಲಿ ದೀಪಾವಳಿಯ ಬೆಳಕು ಅಂದರೆ ಹಣತೆ ಮತ್ತು ಆ ಕಡ್ಡಿ.

ನವೆಂಬರ್ ಇಲ್ಲಿ ವಿಚಿತ್ರ ತಿಂಗಳು. ಒಂದನೇ ತಾರೀಖು ಸಕಲ ಸಂತರ ದಿನ. ನಮ್ಮ ರಾಜ್ಯವೂ ಸೇರಿ ಐದು ರಾಜ್ಯಗಳಲ್ಲಿ ರಜೆ. ಕನ್ನಡ ರಾಜ್ಯೋತ್ಸವಕ್ಕೆ ಸ್ಟುಟ್‌ಗಾರ್ಟ್‌ನಲ್ಲಿ ರಜೆ ಅಂತ ಊರಿನವರಿಗೆ ಹೇಳಿ ಬೀಗುತ್ತೇನೆ, ಕಾರಣ ಹೇಳುವುದಿಲ್ಲ. ಆ ದಿನ ಜನ ಸ್ಮಶಾನಕ್ಕೆ ಹೋಗಿ ಗೋರಿಗಳ ಒಣ ಎಲೆ ಗುಡಿಸಿ, ಹೂವಿನ ಕುಂಡ ಇಟ್ಟು, ಕೆಂಪು ಗಾಜಿನೊಳಗೆ ದೀಪ ಹಚ್ಚಿ ಬರುತ್ತಾರೆ. ಸದ್ದುಗದ್ದಲ ಇಲ್ಲದ ದಿನ ಅಂತ ಕಾನೂನೇ ಹೇಳುತ್ತದೆ. ನಮ್ಮ ಕನ್ನಡ ಸಂಘದವರು ಹಾಡು–ಕುಣಿತಕ್ಕೆ ಬೇರೆ ಶನಿವಾರ ಹುಡುಕಬೇಕು.

ಹತ್ತು ದಿನ ಕಳೆದರೆ, 11ಕ್ಕೆ, ಸಂತ ಮಾರ್ಟಿನನ ದಿನ. ಮಾರ್ಟಿನ್ ರೋಮನ್ ಸಿಪಾಯಿ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವನು. ಸಂಜೆ ಐದಕ್ಕೇ ಕತ್ತಲು. ಮಕ್ಕಳು ತಾವೇ ಅಂಟಿಸಿ ಮಾಡಿದ ಕಾಗದದ ಲಾಟೀನು ಹಿಡಿದು ಹಾಡುತ್ತಾ ಬೀದಿಯಲ್ಲಿ ನಡೆಯುತ್ತಾರೆ, ಮುಂದೆ ಕುದುರೆ ಮೇಲೆ ಕೆಂಪು ಹೊದಿಕೆಯ ಮಾರ್ಟಿನ್. ಕೆಲವು ವರ್ಷ ದೀಪಾವಳಿಯೂ ಅದೇ ವಾರ ಬರುತ್ತದೆ. 2015ರಲ್ಲಂತೂ ಲಕ್ಷ್ಮೀಪೂಜೆ, ಮಾರ್ಟಿನ್ ಎರಡೂ ಒಂದೇ ದಿನ. ಲಾಟೀನು ಮಾಡುವುದಕ್ಕೂ ಮುಂಚೆ ಅಪ್ಪ–ಅಮ್ಮಂದಿರಿಗೆ ಒಂದು ಸಂಜೆ ಕ್ಲಾಸ್ ಇರುತ್ತದೆ. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮಂಡಿ ಮಡಚಿ ಕೂತು, ಗಡ್ಡದ ಅಪ್ಪಂದಿರೆಲ್ಲ ನಾಲಿಗೆ ಕಚ್ಚಿಕೊಂಡು ಬಣ್ಣದ ಕಾಗದ ಕತ್ತರಿಸುವುದನ್ನು ನೋಡಬೇಕು. ಮಗಳಿಗೆ ನಾನು ಆನೆ ಮಾಡಿದೆ. ಸೊಂಡಿಲು ಜಾಸ್ತಿ ದಪ್ಪವಾಗಿ ಗಣಪತಿಯೇ ಆಯಿತು. ಟೀಚರ್‌ಗೆ ಅದೇ ಹಿಡಿಸಿತು.

ಕ್ರಿಸ್ಮಸ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಡ್ರೆಸ್ಡನ್‌ನ ಮಾರುಕಟ್ಟೆ 1434ರಿಂದ ನಡೆಯುತ್ತಿದೆ, ಎಸ್‌ಲಿಂಗನ್‌ನಲ್ಲಿ ಮಧ್ಯಯುಗದ ವೇಷದವರು ಅಂಗಡಿ ಹಾಕುತ್ತಾರೆ, ಬಿಸಿ ವೈನಿನ ಕಪ್ಪಿಗೆ ಡಿಪಾಸಿಟ್ ಕೊಡಬೇಕು. ಇದಿಷ್ಟು ಪ್ರವಾಸಿಗರಿಗೆ. ಇಲ್ಲಿ ಬದುಕುವವರಿಗೆ ಗೊತ್ತಿರುವುದು ಡಿಸೆಂಬರ್ 24ರ ಮಧ್ಯಾಹ್ನ. ಅಂಗಡಿಗಳು ಮುಚ್ಚುತ್ತವೆ, ಬಸ್ಸು ಖಾಲಿ ಓಡುತ್ತದೆ, ಎಲ್ಲರೂ ಬಾಗಿಲು ಹಾಕಿಕೊಂಡು ತಮ್ಮವರ ಜೊತೆ. ಆ ಸಂಜೆ ಹಲವರ ಮನೆಯಲ್ಲಿ ಊಟ ಅಂದರೆ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್, ಅಷ್ಟೇ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಅದು ವರ್ಷದ ಅತಿ ಉದ್ದದ ರಾತ್ರಿ. ಹಾಗಾಗಿ ಆ ದಿನ ನಮ್ಮ ಮನೆಯಲ್ಲಿ ಬಿಸಿಬೇಳೆ ಬಾತ್ ಒಂದು ದೊಡ್ಡ ಕುಕ್ಕರ್ ಆಗುತ್ತದೆ. ಹೇಳದೆ ಕೇಳದೆ ಬರಬಹುದು.

ನನಗೆ ಎಲ್ಲಕ್ಕಿಂತ ಇಷ್ಟ ಫಾಸ್ನೆಟ್, ಈಸ್ಟರ್ ಮುಂಚಿನ ಉಪವಾಸ ಶುರುವಾಗುವ ಮೊದಲು ಬರುವ ವೇಷದ ಹಬ್ಬ. ಕಲೋನ್ ಕಡೆ ಇದನ್ನೇ ಕಾರ್ನಿವಲ್ ಅನ್ನುತ್ತಾರೆ. ಅಲ್ಲಿ 11ನೇ ತಿಂಗಳ 11ನೇ ತಾರೀಖು 11 ಗಂಟೆ 11 ನಿಮಿಷಕ್ಕೆ ಶುರು. ಫೆಬ್ರವರಿ ಹೊತ್ತಿಗೆ ಒಂದು ಗುರುವಾರ ಹೆಂಗಸರು ಕತ್ತರಿ ಹಿಡಿದು ಗಂಡಸರ ಟೈ ಕತ್ತರಿಸುತ್ತಾರೆ. ಅದು ನಗರದ ಹಬ್ಬ. ನಮ್ಮ ಕಡೆಯದು ಬೇರೆ, ಹಳೇದು, ಸ್ವಲ್ಪ ಭಯ ಹುಟ್ಟಿಸುವಂಥದ್ದು. ರಾಟ್‌ವೈಲ್ ಅನ್ನುವ ಪುಟ್ಟ ಊರಿನಲ್ಲಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಪ್ಪು ಬಾಗಿಲು ಅನ್ನುವ ಹಳೇ ಗೋಪುರದ ಕೆಳಗಿನಿಂದ ವೇಷದವರು ಕುಣಿಯುತ್ತಾ ಹೊರಬರುತ್ತಾರೆ. ಮರದಲ್ಲಿ ಕೆತ್ತಿದ ಮುಖವಾಡ, ಮೈಮೇಲೆ ಅಡ್ಡಡ್ಡ ಕಟ್ಟಿದ ಭಾರದ ಗಂಟೆಗಳು. ಅವರು ಒಟ್ಟಿಗೆ ಹಾರಿದಾಗ ಬೀದಿಯ ಕಲ್ಲು ನಡುಗುತ್ತದೆ. ಹಳೇ ಮೈಸೂರು ಕಡೆ ಸೋಮನ ಕುಣಿತ ನೋಡಿ ಬೆಳೆದವರಿಗೆ ಆ ಮರದ ಮುಖಗಳು ಎದುರಾದಾಗ ಬೆನ್ನಲ್ಲಿ ಏಳುವ ಚಳಿ ಗುರುತಿನದ್ದೇ.

ಅವರಲ್ಲಿ ಒಬ್ಬ ಗರಿಗಳನ್ನು ಹೊಲಿದ ಅಂಗಿಯವನು. ಕೋರೆಹಲ್ಲಿನ ಮುಖ, ಕೈಯಲ್ಲಿ ಉದ್ದ ಗಳು, ಗಳುವಿನ ತುದಿಗೆ ಕರುವಿನ ಬಾಲ. ಗಳು ಊರಿ ಎತ್ತರಕ್ಕೆ ನೆಗೆಯುತ್ತಾನೆ, ಇಳಿದ ಕೂಡಲೇ ಆ ಬಾಲದಿಂದ ನೋಡುವವರ ಮುಖ ಸವರುತ್ತಾನೆ. ಇನ್ನೊಬ್ಬನ ಕೈಯಲ್ಲಿ ಪುಸ್ತಕ. ವರ್ಷವಿಡೀ ಊರಿನಲ್ಲಿ ಯಾರು ಯಾರು ಏನೇನು ಎಡವಟ್ಟು ಮಾಡಿಕೊಂಡರು ಅನ್ನುವುದು ಚಿತ್ರಸಮೇತ ಅದರಲ್ಲಿ ಇರುತ್ತದೆ. ಜನರ ನಡುವೆ ಆ ಆಸಾಮಿಯನ್ನೇ ಹುಡುಕಿ, ಎದುರಿಗೆ ನಿಂತು ಓದುತ್ತಾನೆ. ಕೇಳುವವರು ನಗಬೇಕು, ಸಿಟ್ಟಾಗುವಂತಿಲ್ಲ. ಮಾಜಿ ಬಾಸ್ ಆದರೂ ಅಷ್ಟೇ, ಡಾಕ್ಟರ್ ಆದರೂ ಅಷ್ಟೇ. ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಕೇಳುವಂತಿಲ್ಲ. ಹುಚ್ಚಾಟ ಕಾಣುವುದು ನೋಡುವವರಿಗೆ. ಒಳಗಿನವರಿಗೆ ಅದರಷ್ಟು ಶಿಸ್ತಿನ ಕೆಲಸ ಇನ್ನೊಂದಿಲ್ಲ. ವೇಷ ಹಳೇ ಪದ್ಧತಿಗೆ ಸರಿಯಾಗಿದೆ ಅಂತ ಸಂಘದವರು ಒಪ್ಪಬೇಕು. ಮುಖವಾಡ ಎಷ್ಟೋ ಮನೆಗಳಲ್ಲಿ ತಾತನಿಂದ ಮೊಮ್ಮಗನಿಗೆ ಬಂದದ್ದು. ಜನವರಿ 6ಕ್ಕೆ ಅದನ್ನು ಅಟ್ಟದಿಂದ ಇಳಿಸಿ ಧೂಳು ಹೊಡೆಯುವುದೂ ಒಂದು ವಿಧಿ. ಮಂಗಳವಾರ ಎಲ್ಲ ಮುಗಿಯುತ್ತದೆ. ಬುಧವಾರ ಕೆಲವು ಊರುಗಳಲ್ಲಿ ಜನ ಖಾಲಿಯಾದ ಪರ್ಸುಗಳನ್ನು ಊರ ಕಾರಂಜಿಯಲ್ಲಿ ತೊಳೆದು, ಹಿಂಡಿ, ಕೆಲಸಕ್ಕೆ ಹೋಗುತ್ತಾರೆ.

ಅಲ್ಲಿಂದ ಈಸ್ಟರ್‌ವರೆಗೆ ಉಪವಾಸದ ಕಾಲ. ಈಗ ಹೆಚ್ಚಿನವರು ಚಾಕೊಲೇಟ್ ಬಿಟ್ಟೆ, ಮೊಬೈಲ್ ಬಿಟ್ಟೆ ಅನ್ನುತ್ತಾರೆ. ಗುಡ್ ಫ್ರೈಡೆ ದಿನ ಮಾತ್ರ ಕಟ್ಟುನಿಟ್ಟು. ಡಿಸ್ಕೊಗಳಲ್ಲಿ ಕುಣಿಯುವಂತಿಲ್ಲ, ಕಾನೂನಿದೆ. ಮಾಂಸ ತಿನ್ನುವಂತಿಲ್ಲ, ಸಂಪ್ರದಾಯ ಇದೆ. ಇದಕ್ಕೆ ಶ್ವಾಬಿಯನ್ನರು ಒಂದು ಉಪಾಯ ಕಂಡುಕೊಂಡಿದ್ದಾರೆ, ಮೌಲ್‌ಟಾಶೆ. ಗೋದಿಯೋ ಮೈದಾನೋ ಹಿಟ್ಟಿನ ಹಾಳೆಯೊಳಗೆ ಪಾಲಕ್ ಸೊಪ್ಪು, ಈರುಳ್ಳಿ, ಮಾಂಸ ಇಟ್ಟು ಮಡಚಿ ಸಾರಿನಲ್ಲಿ ಬೇಯಿಸುವುದು. ಮೌಲ್‌ಬ್ರಾನ್ ಮಠದ ಸನ್ಯಾಸಿಗಳಿಗೆ ಉಪವಾಸದಲ್ಲಿ ಮಾಂಸ ಸಿಕ್ಕಿತಂತೆ. ದೇವರಿಗೆ ಕಾಣದಿರಲಿ ಅಂತ ಸೊಪ್ಪಿನ ಜೊತೆ ಹಿಟ್ಟಿನೊಳಗೆ ಬಚ್ಚಿಟ್ಟರಂತೆ. ದೇವರಿಗೆ ಟೋಪಿ ಹಾಕುವ ತಿಂಡಿ ಅಂತ ಇದಕ್ಕೆ ಅಡ್ಡಹೆಸರೂ ಇದೆ. ಆ ದಿನ ಈ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಅಡುಗೆ.

ಕೆಳಗಿನ ಮನೆಯ ಅಜ್ಜಿ ಪ್ರತಿ ಸಲ ನಮಗೆ ಅಂತ ಬೇರೆ ಪಾತ್ರೆಯಲ್ಲಿ, ಬರೀ ಸೊಪ್ಪು, ಚೀಸ್ ತುಂಬಿ, ತರಕಾರಿ ಸಾರಿನಲ್ಲಿ ಮಾಡಿ ತರುತ್ತಾರೆ. ಅವರ ಮಗನಿಗೆ ಇದು ಬಹಳ ತಮಾಷೆ. ಕಳೆದ ಸಲ ಮೆಟ್ಟಿಲ ಮೇಲೆ ನಿಂತು, "ಅಮ್ಮ, ಒಳಗೆ ಮಾಂಸವೇ ಇಲ್ಲ ಅಂದ್ಮೇಲೆ ದೇವರಿಂದ ಮುಚ್ಚಿಡೋದೇನು?" ಅಂತ ರೇಗಿಸಿದರು. ಅಜ್ಜಿ ಯೋಚಿಸಲೂ ಇಲ್ಲ. "ಬೆಣ್ಣೆ," ಅಂದರು. "ಡಾಕ್ಟರಿಂದಲೂ." ಬೆಣ್ಣೆ ನಿಜಕ್ಕೂ ಧಾರಾಳವಾಗಿತ್ತು. ಉಪ್ಪು ಒಂಚೂರು ಕಡಿಮೆ. ಮಾವಿನಕಾಯಿ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆವು.